ಪತ್ರಿಕೆಯಲ್ಲಿದ್ದ ಒಂದೇ ನಿಜ

ಈಸ್ಟ್ ಬ್ರನ್ಸ್‌ವಿಕ್, ನ್ಯೂಜೆರ್ಸಿ
ಫೆಬ್ರವರಿ 17, 2009

ನಾಝಿಯಾ ಆಪಾ,

ನಮ್ಮ ಅಜೀಮಣ್ಣನ ಬಗ್ಗೆ ಇಲ್ಲಿನ ಒಂದು ಪತ್ರಿಕೆ ಸುಳ್ಳು ಬರೆದಿದೆ. ಹೆಸರು ಹಾಕಿ, ಫೋಟೋ ಹಾಕಿ ಬರೆದಿದೆ. ಇದುವರೆಗೂ ಯಾರೂ ಅದನ್ನು ತಿದ್ದಿಲ್ಲ.

ಕಳೆದ ತಿಂಗಳು ಅಣ್ಣ ಮೈಸೂರಿನಿಂದ ವಾಪಸ್ ಬಂದನಲ್ಲ, ಆಗ ವಿಮಾನ ನಿಲ್ದಾಣದಲ್ಲಿ ಅವನ ಚೀಲ ಬಿಚ್ಚಿಸಿದರು. ನಿಮ್ಮ ಪಕ್ಕದ ಮನೆಯ ಶಿವಕ್ಕ ತನ್ನ ಮಗಳು ರಾಜಿಯ ಕೂಸಿಗೆಂದು ಕಟ್ಟಿಕೊಟ್ಟಿದ್ದ ರಾಗಿ ಸರಿ ಪುಡಿ ಸಿಕ್ಕಿತು. ಪುಡಿಯನ್ನು ಇಟ್ಟುಕೊಂಡು, ನಾಲ್ಕು ಪ್ರಶ್ನೆ ಕೇಳಿ ಬಿಟ್ಟುಬಿಟ್ಟರು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು. ಈಗ ಪತ್ರಿಕೆ ಹೇಳುತ್ತಿದೆ: ಅವನು ಬಂದದ್ದು ಪಾಕಿಸ್ತಾನದ ಗಡಿಯಿಂದ. ಅವನು ಕೆಲಸಕ್ಕಿದ್ದ ಬ್ಯಾಂಕು ಅವನನ್ನು ಅನುಮಾನದ ಮೇಲೆ ತೆಗೆದುಹಾಕಿತು. ಪುಡಿ ಏನೆಂದು ಯಾರಿಗೂ ಗೊತ್ತಿಲ್ಲ. ಮದುವೆಯೇ ಆಗದವನು 'ನನ್ನ ಮಗುವಿಗೆ' ಎಂದು ಅಧಿಕಾರಿಗೆ ಹೇಳಿದನಂತೆ. ಈ ಕೊನೆಯದನ್ನು ಓದಿ ನಾನು ನಕ್ಕುಬಿಟ್ಟೆ. ಕಟ್ಟುಕಥೆಗೂ ಒಂದು ಮಿತಿ ಬೇಡವೇ? ಬ್ಯಾಂಕು ಅವನನ್ನು ತೆಗೆಯಲಿಲ್ಲ, ಬ್ಯಾಂಕೇ ಮುಳುಗಿತು. ಆ ಕಟ್ಟಡದಿಂದ ಒಂದೇ ದಿನ ನೂರಾರು ಜನ ಹೊರಗೆ ಬಂದರು.

ಮರುದಿನ ವಾಷಿಂಗ್ಟನ್ನಿನ ಭದ್ರತೆಯ ದೊಡ್ಡ ಮನುಷ್ಯನೊಬ್ಬ ಟಿವಿಯಲ್ಲಿ, 'ಪುಡಿ ಹಿಡಿದು ಬಂದವರನ್ನೂ ನಾವು ಗಮನಿಸುತ್ತಿದ್ದೇವೆ' ಎಂದ. ಅಂದಿನಿಂದ ಅಬ್ಬಾ ಕಿಟಕಿಯ ಪರದೆ ತೆಗೆದಿಲ್ಲ.

ನಾನು ಈಗ ಯೂನಿಯನ್ ಸಿಟಿಯಲ್ಲಿ ಕೆಲಸ ಮಾಡುತ್ತೇನೆ. ಎವೆಲಿಯೊ ಎಂಬ ಮುದುಕರು ಕ್ಯೂಬಾದಿಂದ ಓಡಿಬಂದವರಿಗಾಗಿ ಸ್ಪ್ಯಾನಿಷ್ ವಾರಪತ್ರಿಕೆ ನಡೆಸುತ್ತಾರೆ. ಅದರ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವುದು ನನ್ನ ಕೆಲಸ. ಹವಾನಾದಲ್ಲಿ ಅವರು ವಕೀಲಿಕೆ ಓದುತ್ತಿದ್ದರಂತೆ. ಅವರಿಗೆ ಅಣ್ಣನ ಸುದ್ದಿಯಿದ್ದ ಪತ್ರಿಕೆ ತೋರಿಸಿ, ಟಿವಿಯವನ ಮಾತನ್ನೂ ಹೇಳಿ, "ನೋಡಿ, ನಿಮ್ಮ ಅಮೆರಿಕ ಇದು" ಅಂದೆ. ಅವರು ಕನ್ನಡಕ ಒರೆಸಿ ಎರಡು ಸಲ ಓದಿದರು.

"ಆ ಕುರ್ಚಿಯಲ್ಲಿ ಗಟ್ಟಿ ಮನುಷ್ಯ ಕೂರಲಿ ಅಂತ ನಾನು ಮೂವತ್ತು ವರ್ಷದಿಂದ ವೋಟ್ ಹಾಕ್ತಾ ಇದ್ದೀನಿ ಹುಡುಗಿ. ಗಟ್ಟಿ ಮನುಷ್ಯ ಫೈಲ್ ಓದ್ತಾನೆ. ಇವನು ಪೇಪರ್ ಓದಿದ್ದಾನೆ."

"ಹಂಗಾದ್ರೆ ಇನ್ನು ವೋಟ್ ಹಾಕಬೇಡಿ."

"ಹಾಕ್ತೀನಿ. ನಿನ್ನ ಕರಪತ್ರದೋರಿಗಂತೂ ಹಾಕಲ್ಲ."

ನಾನು ಓದುವ ಎಡಪಂಥದ ಕರಪತ್ರಗಳ ಬಗ್ಗೆ ಅವರಿಗೆ ಅಪಹಾಸ್ಯ. ಇರಲಿ. ಅಣ್ಣನ ಬಗ್ಗೆ ನಾನೇ ಒಂದು ಕರಪತ್ರ ಬರೆಯುತ್ತಿದ್ದೇನೆ.

ಫೋನ್ ಮಾಡಬೇಡ, ಇಮೇಲ್ ಬೇಡ. ಕಾಗದವೇ ಬರೆ. ಉರ್ದುವಿನಲ್ಲಿ ಬರೆದರೆ ಇಲ್ಲಿ ಲಿಪಿ ನೋಡಿಯೇ ಬೆಚ್ಚುತ್ತಾರೆ, ಅದಕ್ಕೇ ನೀನು ಕಲಿಸಿದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪೊಟ್ಟಣವನ್ನು ಅಣ್ಣನ ಕೈಗೆ ಕೊಟ್ಟವಳು ನೀನು. ಅದರಲ್ಲಿ ಏನಿತ್ತು, ಯಾರದು ಎಂದು ಎರಡು ಸಾಲು ಬರೆದು ಸಹಿ ಹಾಕಿ ಕಳಿಸು.

ತಹ್ರೀಮ್


ಮೈಸೂರು
ಮಾರ್ಚ್ 4, 2009

ಪ್ರೀತಿಯ ತಹ್ರೀಮ್,

ನಿನ್ನ ಕಾಗದ ತಲುಪಿತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಾಗಿದೆ. ನನ್ನ ಶಾಲೆಯ ಮಕ್ಕಳಿಗೆ ಇನ್ನೂ ಸಂಧಿ ಸಮಾಸ ಬಾಯಿಗೆ ಬಂದಿಲ್ಲ. ಬಿಸಿಲು ಈ ಸಲ ಬೇಗ ಶುರುವಾಗಿದೆ.

ಅಜೀಮನಿಗೆ ಧೈರ್ಯ ಹೇಳು. ಸಮಯ ಕಳೆದರೆ ಜನ ಮರೆಯುತ್ತಾರೆ. ನೀನು ಬರೆಯುವ ಕರಪತ್ರ ಬೇಡ. ಬರೆಯಲೇಬೇಕೆಂದರೆ ನನ್ನ ಹೆಸರು, ಶಿವಕ್ಕನ ಹೆಸರು ಅದರಲ್ಲಿ ಬರಕೂಡದು. ಅವರು ವಯಸ್ಸಾದವರು, ಬಿ.ಪಿ. ಇದೆ. ಅವರಿಗೆ ನಾನು ಈ ವಿಷಯ ಹೇಳಿಲ್ಲ. ಪುಡಿ ತಲುಪಿತೇ, ಕೂಸು ತಿಂದಿತೇ ಎಂದು ದಿನವೂ ಕೇಳುತ್ತಾರೆ. ತಲುಪಿತು ಎಂದಿದ್ದೇನೆ.

ಸಹಿ ಹಾಕಿ ಕಳಿಸುವುದನ್ನು ಯೋಚಿಸಿ ಮಾಡೋಣ. ನಮ್ಮ ಮನೆಗೆ ಯಾರೂ ಬಂದಿಲ್ಲ, ಯಾರೂ ಏನೂ ಕೇಳಿಲ್ಲ. ನೀನು ಅದರ ಚಿಂತೆ ಮಾಡಬೇಡ. ಇನ್ನು ಮುಂದೆ ಕಾಗದವನ್ನು ಮನೆಗಾಗಲಿ ಶಾಲೆಗಾಗಲಿ ಹಾಕಬೇಡ. ಕೆಳಗೆ ನನ್ನ ಗೆಳತಿಯ ಅಂಗಡಿಯ ವಿಳಾಸ ಕೊಟ್ಟಿದ್ದೇನೆ, ಅಲ್ಲಿಗೆ ಹಾಕು.

ಆ ಕ್ಯೂಬಾದವರ ಜೊತೆ ಜಾಸ್ತಿ ಮಾತು ಬೇಡ. ನಮಗೆ ನಮ್ಮದೇ ಸಾಕಾಗಿದೆ.

ನಾಝಿಯಾ


ಈಸ್ಟ್ ಬ್ರನ್ಸ್‌ವಿಕ್
ಮಾರ್ಚ್ 20, 2009

ಆಪಾ,

ನೀನು ಸಹಿ ಕಳಿಸಲಿಲ್ಲ. ಪರೀಕ್ಷೆಯ ಗಡಿಬಿಡಿ ಅಂದುಕೊಂಡಿದ್ದೇನೆ. ನಿನ್ನ ಮೇಲೆ ಸಿಟ್ಟಿಲ್ಲ. ನಮ್ಮ ಮನೆತನದಲ್ಲಿ ಮೇಷ್ಟ್ರ ಎದುರೂ ನಿಜ ಹೇಳುತ್ತಿದ್ದವಳು ನೀನೊಬ್ಬಳೇ. ಇಲ್ಲಿನವರನ್ನು ನೋಡಿದ ಮೇಲೆ ಅದರ ಬೆಲೆ ಗೊತ್ತಾಯಿತು.

ಭಾನುವಾರ ಫ್ಲೋರಲ್ ಪಾರ್ಕಿಗೆ, ರಾಜಿಯ ಮನೆಗೆ ಹೋಗಿದ್ದೆ. ಹಿಲ್‌ಸೈಡ್ ಅವೆನ್ಯೂದ ಸೀರೆ ಅಂಗಡಿಯ ಮೇಲೆ ಅವರ ಅಪಾರ್ಟ್‌ಮೆಂಟು. ಬಾಗಿಲು ತೆರೆದವಳು ಮೊದಲು ನನ್ನ ಹಿಂದೆ ಮೆಟ್ಟಿಲ ಕಡೆ ನೋಡಿದಳು.

"ಒಬ್ಳೇ ಬಂದ್ಯಾ? ಶೂಸ್ ಅಲ್ಲೇ ಬಿಡು. ಮಗು ಈಗ ತಾನೇ ಮಲಗ್ತು, ಮೆತ್ತಗೆ ಮಾತಾಡು."

"ಅಕ್ಕ, ಆ ಪುಡಿ ನಿಮಗೆ ಅಂತ ಬರ್ತಿತ್ತು, ಅಷ್ಟು ಹೇಳಿದ್ರೆ ಸಾಕು."

"ಯಾರಿಗೆ ಹೇಳ್ಬೇಕು?"

"ಅವರಿಗೆ."

"ಅವರು ಯಾರು ಅಂತ ಹೇಳೋಕೇ ನಿನಗೆ ಬಾಯಿ ಬರ್ತಿಲ್ಲ. ನಾನು ಹೋಗಿ ಅವರ ಮುಂದೆ ಕೂತ್ಕೋಬೇಕಾ?"

ಗಂಡ ವೆಂಕಟೇಶ ಅಡುಗೆಮನೆಯಿಂದ ಬಂದ. ಬಹಳ ಮರ್ಯಾದಸ್ಥ. "ನೋಡಮ್ಮ, ನಮ್ಮ ಆಫೀಸಲ್ಲಿ ದಿನಾ ಯಾರಾದ್ರೂ ಬಾಕ್ಸ್ ಹಿಡ್ಕೊಂಡು ಹೊರಗೆ ಹೋಗ್ತಿದಾರೆ. ನನ್ನ ವೀಸಾ ಎಕ್ಸ್‌ಟೆನ್ಷನ್ ಪೆಂಡಿಂಗ್ ಇದೆ. ಅದು ಆಗೋವರೆಗೂ ನಾವು ಯಾವುದರಲ್ಲೂ ಇಲ್ಲ. ಕಾಫಿ ಕುಡೀತೀಯಾ?"

ನಾನು ಕುಡಿಯಲಿಲ್ಲ. ಹೊರಡುವಾಗ ರಾಜಿ ಬಾಗಿಲವರೆಗೂ ಬಂದು, "ನಿಮ್ಮಣ್ಣಂಗೆ ನಾನೇನು ಕೆಟ್ಟದ್ದು ಬಯಸ್ತಿಲ್ಲ ಕಣೆ" ಅಂದಳು. ನನಗೆ ಅಸಹ್ಯವಾಯಿತು. ತಮ್ಮ ಮನೆಯ ಪುಡಿಯನ್ನು ಹೊತ್ತು ತಂದವನು ಬೀದಿಗೆ ಬಿದ್ದಿದ್ದಾನೆ, ಇವರು ವೀಸಾ ಲೆಕ್ಕ ಹಾಕುತ್ತಿದ್ದಾರೆ. ಮನ್ರೋದಲ್ಲಿರುವ ನಮ್ಮೂರಿನ ಅಂಕಲ್‌ಗಳೂ ಹೀಗೆಯೇ. ಹಿಂದೆ ಊರಿಗೆ ಯಾರೇ ಹೊರಟರೂ ಉಪ್ಪಿನಕಾಯಿ, ಔಷಧಿ, ಮದುವೆ ಸೀರೆ ಅಂತ ಎರಡು ಸೂಟ್‌ಕೇಸ್ ತುಂಬಿಸುತ್ತಿದ್ದವರು, ಈಗ ನಮ್ಮ ಮನೆಯ ಒಂದು ಲಕೋಟೆಯನ್ನೂ ಮುಟ್ಟುವುದಿಲ್ಲ.

ಇನ್ನೊಂದು ಹೇಸಿಗೆ ಹೇಳುತ್ತೇನೆ. ಎವೆಲಿಯೊ ಅವರ ಪತ್ರಿಕೆಯ ಹಳೆಯ ಪುಟಗಳನ್ನು ಜೋಡಿಸುವಾಗ ಅಣ್ಣನ ಸುದ್ದಿ ಸಿಕ್ಕಿತು. ಅದೇ ಸುಳ್ಳು, ಸ್ಪ್ಯಾನಿಷ್‌ನಲ್ಲಿ, ಅದೇ ಫೋಟೋ. ನಾನು ಅವರಿಗೆ ತೋರಿಸುವ ಮೊದಲೇ, ನಾನು ರಜೆಯಲ್ಲಿದ್ದ ವಾರ ಹಾಕಿದ್ದರು, ಅವತ್ತು ನನಗೆ ಹೇಳಲೇ ಇಲ್ಲ. ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲೆ ಹಾಕಿದೆ.

"ಇದು ನಿಮ್ಮ ಕೈಯಲ್ಲೇ ಆಗಿದ್ದು."

ಅವರು ಪುಟವನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ, "ದೊಡ್ಡ ಪತ್ರಿಕೆ ಬರೆದಿದೆ ಅಂದ್ರೆ ಯಾರೋ ವಿಚಾರಿಸಿರ್ತಾರೆ ಅಂದ್ಕೊಂಡೆ" ಅಂದರು. "ಟಿವಿಯ ಆ ಮನುಷ್ಯನೂ ಹಾಗೇ ಅಂದ್ಕೊಂಡಿರಬೇಕು. ಒಬ್ಬರ ಹಿಂದೆ ಒಬ್ಬರು ನಿಂತ್ಕೊಂಡಿದ್ದೀವಿ, ಮುಂದೆ ಯಾರೂ ಇಲ್ಲ."

"ತಿದ್ದಿ ಹಾಕಿ."

"ನಿಜ ಏನು ಅಂತ ತಿಳ್ಕೊಂಡು ಹಾಕ್ತೀನಿ. ನಿನ್ನಣ್ಣನನ್ನು ಕರ್ಕೊಂಡು ಬಾ, ಅವನ ಬಾಯಲ್ಲಿ ಕೇಳ್ತೀನಿ."

ನನ್ನ ಅಣ್ಣನ ನಿಜಕ್ಕೆ ಇವರ ಪರೀಕ್ಷೆ ಬೇಕೇ? ನಾನು ಕರೆದುಕೊಂಡು ಹೋಗಲಿಲ್ಲ. ನನ್ನ ಕರಪತ್ರ ತಯಾರಾಗಿದೆ, ಒಂದು ಪ್ರತಿ ಇದರೊಳಗಿದೆ. 'ಅಜೀಮ್ ಅಧಿಕಾರಿಗಳಿಗೆ ಒಂದೇ ಒಂದು ಸುಳ್ಳನ್ನೂ ಹೇಳಿಲ್ಲ' ಎಂಬುದೇ ಮೊದಲ ಸಾಲು. ಜರ್ನಲ್ ಸ್ಕ್ವೇರ್ ರೈಲು ನಿಲ್ದಾಣದಲ್ಲಿ ನಿಂತು ಹಂಚಿದೆ. ಚಳಿಗೆ ಕೈ ಮರಗಟ್ಟಿತ್ತು. ಆದರೂ ಹೆದರಿಕೆ ಅಷ್ಟು ಹೊತ್ತು ದೂರವಿತ್ತು.

ತಹ್ರೀಮ್


ಮೈಸೂರು
ಏಪ್ರಿಲ್ 3, 2009

ತಹ್ರೀಮ್,

ಕರಪತ್ರ ಓದಿದೆ. ಆ ಮೊದಲ ಸಾಲನ್ನು ಅಜೀಮ್ ಓದಿದನೇ? ಹಂಚುವ ಮೊದಲು ಅವನನ್ನು ಕೇಳಿದೆಯಾ?

ದಯವಿಟ್ಟು ಇನ್ನು ಹಂಚಬೇಡ. ಹೆಚ್ಚು ಬರೆಯಲಾರೆ. ರಾಜಿಯನ್ನು ಬೈಯಬೇಡ. ಹೆದರಿದವರೆಲ್ಲ ಕೆಟ್ಟವರಲ್ಲ.

ನಾಝಿಯಾ


ಈಸ್ಟ್ ಬ್ರನ್ಸ್‌ವಿಕ್
ಏಪ್ರಿಲ್ 14, 2009

ನಾಝಿಯಾ,

ನಿನ್ನ ನಾಲ್ಕು ಸಾಲಿನ ಕಾಗದ ಇವತ್ತು ಬಂತು. ಒಂದು ದಿನ ತಡ. ನಿನ್ನೆ ಅಧಿಕಾರಿಗಳು ಅಣ್ಣನನ್ನು ನ್ಯೂವಾರ್ಕಿನ ಕಚೇರಿಗೆ ಮತ್ತೆ ಕರೆದಿದ್ದರು.

ಹೊರಗಿನ ಬೆಂಚಿನ ಮೇಲೆ ನಾನು ಕೂತಿದ್ದೆ. ಅವನು ಹೊರಗೆ ಬಂದಾಗ ಕೋಟನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದ, ಜೇಬಿನಿಂದ ಚಿಲ್ಲರೆ ಬೀಳುತ್ತಿದ್ದರೂ ಅವನಿಗೆ ತಿಳಿಯಲಿಲ್ಲ. ಒಳಗೆ ಅವರು ಕೂಗಾಡಲಿಲ್ಲವಂತೆ, ನೀರು ಕೊಟ್ಟರಂತೆ. ಪುಡಿಯನ್ನು ಪರೀಕ್ಷೆ ಮಾಡಿಸಿ ತಿಂಗಳುಗಳೇ ಆಗಿವೆ. ಅದು ಬರೀ ಧಾನ್ಯ ಎಂದು ಅವರಿಗೆ ಗೊತ್ತು. ಅದನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ, ಟಿವಿಯ ಮನುಷ್ಯನೂ ಹೇಳಲಿಲ್ಲ. ಅವರಿಗೆ ಬೇಕಾದದ್ದು ಬೇರೆ. ಮೇಜಿನ ಮೇಲೆ ಎರಡು ಕಾಗದ ಇಟ್ಟರಂತೆ. ಒಂದು, ನನ್ನ ಕರಪತ್ರ. ಇನ್ನೊಂದು, ಮೈಸೂರಿನ ಪೊಲೀಸರಿಂದ ಬಂದದ್ದು: 'ನಾಝಿಯಾ ಎಂಬ ಶಿಕ್ಷಕಿ ತಾನು ಅಜೀಮನಿಗೆ ಏನನ್ನೂ ಕೊಟ್ಟಿಲ್ಲವೆಂದು ಹೇಳಿದ್ದಾರೆ.' ತಾರೀಖು ಫೆಬ್ರವರಿಯದು.

ಯಾರೂ ಬಂದಿಲ್ಲ ಎಂದು ನೀನು ನನಗೆ ಬರೆದದ್ದು ಮಾರ್ಚಿನಲ್ಲಿ.

ಕಾರಿನಲ್ಲಿ ಅಣ್ಣನನ್ನು ಕೇಳಿದೆ. "ನನ್ನ ಮಗುವಿಗೆ ಅಂತ ಅವತ್ತು ನಿಜವಾಗ್ಲೂ ಹೇಳಿದ್ಯಾ?"

"ಹೂಂ."

"ಮದ್ವೇನೇ ಆಗಿಲ್ಲ ನಿಂಗೆ."

"ಅಷ್ಟೊತ್ತಲ್ಲಿ ಅದು ಹೊಳೀಲಿಲ್ಲ. ಬೇರೆಯವರದು ಅಂದ್ರೆ ಕಸದ ಡಬ್ಬಿಗೆ ಹಾಕ್ತಾರೆ, ಯಾರು ಕೇಳಿದ್ರೂ ನಿನ್ನದೇ ಅನ್ನು ಅಂತ ನಾಝಿಯಾನೇ ಹೇಳಿ ಕಳಿಸಿದ್ಲು. ಎಲ್ಲರೂ ಹಾಗೇ ಹೇಳೋದಲ್ವಾ? ಅಬ್ಬಾ ಹೇಳಿಲ್ವಾ? ನೀನು ಹೇಳಿಲ್ವಾ?"

ಹೇಳಿದ್ದೇನೆ. ಪ್ರತಿ ಸಲ ಹೇಳಿದ್ದೇನೆ. ಯಾರದೋ ಚಕ್ಕುಲಿ, ಯಾರದೋ ಶುಗರ್ ಮಾತ್ರೆ, ಎಲ್ಲಕ್ಕೂ 'ನಾನೇ ಪ್ಯಾಕ್ ಮಾಡಿದ್ದು' ಎಂದು ನಗುತ್ತ ಹೇಳಿ ದಾಟಿದ್ದೇನೆ.

ಪತ್ರಿಕೆಯ ಆ ಸುದ್ದಿಯಲ್ಲಿ ನಾನು ನಕ್ಕ ಸಾಲೊಂದೇ ನಿಜವಾಗಿತ್ತು. ಅದನ್ನೇ ಸುಳ್ಳು ಎಂದು ನಾನು ಅಚ್ಚು ಹಾಕಿಸಿದೆ. ಅಣ್ಣನನ್ನು ಒಂದು ಮಾತು ಕೇಳದೆ. ಈಗ ಅವರು ಹೇಳುತ್ತಾರೆ, ಇವನ ಮನೆಯವರೆಲ್ಲ ಸೇರಿ ಕಥೆ ಕಟ್ಟುತ್ತಿದ್ದಾರೆ, ಹಾಗಾದರೆ ಮುಚ್ಚಿಡುವಂಥದ್ದು ಏನೋ ಇರಬೇಕು ಎಂದು.

ಇವತ್ತು ಬೆಳಗ್ಗೆ ಎವೆಲಿಯೊ ಅವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ತಮ್ಮ ತಮ್ಮನ ವಿಷಯ ಹೇಳಿದರು. ಹವಾನಾದಲ್ಲಿ ಒಂದು ಬೆಳಗ್ಗೆ ಪತ್ರಿಕೆಯಲ್ಲಿ ಅವನ ಹೆಸರು ಬಂತು, ಸಕ್ಕರೆ ಗಿರಣಿಗೆ ಬೆಂಕಿ ಇಟ್ಟವನು ಎಂದು. ಅವನು ಮನೆಯಲ್ಲಿ ಹಲ್ಲುನೋವೆಂದು ಮಲಗಿದ್ದ. ಮಧ್ಯಾಹ್ನ ಬಂದು ಕರೆದುಕೊಂಡು ಹೋದರು. ತಾಯಿ ಹನ್ನೊಂದು ಕಚೇರಿ ಸುತ್ತಿದರೂ ಒಬ್ಬನೂ ಅವಳ ಮಾತನ್ನು ಕುಳಿತು ಕೇಳಲಿಲ್ಲ.

"ಹಾಗಾದ್ರೆ ಎರಡು ದೇಶವೂ ಒಂದೇ" ಅಂದೆ.

"ಒಂದೇ ಅಲ್ಲ. ನಿನ್ನ ಕರಪತ್ರದ ಸೋಮಾರಿತನ ಇದು." ಮೊದಲ ಸಲ ಅವರ ದನಿ ಏರಿತು. "ಇಲ್ಲಿ ವಕೀಲೆಯ ಜೊತೆ ಹೋಗಿ, ನಾನು ಹೇಳಿದ್ದು ತಪ್ಪು, ನಿಜ ಇದು ಅಂತ ಹೇಳಬಹುದು. ನಮ್ಮಮ್ಮನಿಗೆ ಆ ಬಾಗಿಲು ಇರಲಿಲ್ಲ. ಅದು ಯಾವಾಗಲೂ ತೆಗೆದಿರುತ್ತೆ ಅಂತ ನಾನೂ ನಂಬಲ್ಲ. ಹೆದರಿದ ಮುಖ್ಯಸ್ಥ, ಅವಸರದ ಪತ್ರಿಕೆ, ಇಬ್ಬರೂ ಸೇರಿದ್ರೆ ಮುಚ್ಚೋಕೆ ಎಷ್ಟು ಹೊತ್ತು? ತೆಗೆದಿರುವಾಗಲೇ ಹೋಗಬೇಕು."

ಅವರೇ ಮಾರ್ಗರೆಟ್ ಎಂಬ ವಕೀಲೆಯ ಹತ್ತಿರ ಕರೆದೊಯ್ದರು. ಅವಳು ಹೇಳಿದ್ದು ಇಷ್ಟು: ಪುಡಿ ಅಪರಾಧವಲ್ಲ, ಸುಳ್ಳು ಅಪರಾಧ. ಕೇಸು ಹಾಕಿದರೆ ಅಣ್ಣನ ಗ್ರೀನ್ ಕಾರ್ಡ್ ಹೋಗುತ್ತದೆ, ಜೈಲೂ ಆಗಬಹುದು. ಒಂದೇ ದಾರಿ ಎಂದರೆ ಕೊಟ್ಟವರು ಕೊಟ್ಟೆವು ಎನ್ನಬೇಕು, ಪಡೆಯಬೇಕಾದವರು ನಮಗೇ ಬರುತ್ತಿತ್ತು ಎನ್ನಬೇಕು.

ನೀನು ಯಾಕೆ ಹಾಗೆ ಮಾಡಿದೆ ಎಂದು ಕೇಳುವುದಿಲ್ಲ. ಕೇಳುವ ಯೋಗ್ಯತೆ ನನಗೂ ಉಳಿದಿಲ್ಲ. ಆದರೆ ಅಣ್ಣ ಊಟ ಬಿಟ್ಟಿದ್ದಾನೆ. ಮನೆಯ ಮುಂದೆ ಕಾರು ನಿಧಾನವಾದರೆ ಅಬ್ಬಾ ಎದ್ದು ನಿಲ್ಲುತ್ತಾರೆ. ನನಗೆ ಬಹಳ ಹೆದರಿಕೆ ಆಗುತ್ತಿದೆ, ಆಪಾ.

ತಹ್ರೀಮ್


ಮೈಸೂರು
ಏಪ್ರಿಲ್ 27, 2009

ತಹ್ರೀಮ್,

ಇದನ್ನು ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ, ಬೇಗ ತಲುಪಲಿ.

ಅವರು ಮನೆಗೆ ಬರಲಿಲ್ಲ, ಶಾಲೆಗೆ ಬಂದರು. ಮಫ್ತಿಯಲ್ಲಿ ಇಬ್ಬರು. ಹೆಡ್‌ಮಾಸ್ಟರ್ ಶಿವಶಂಕರಪ್ಪನವರ ಕೋಣೆಗೆ ನನ್ನನ್ನು ಕರೆಸಿದರು. ಮುಂಬೈ ದಾಳಿ ಆದಮೇಲೆ ನಮ್ಮ ಮೊಹಲ್ಲಾದಿಂದ ಎಷ್ಟು ಹುಡುಗರನ್ನು ಕರೆದು ಕೇಳಿದರೆಂದು ನಿನಗೆ ಗೊತ್ತಿಲ್ಲ. 'ಅಮೆರಿಕದಿಂದ ವಿಚಾರಣೆ' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, 'ನಾನೇನೂ ಕೊಟ್ಟಿಲ್ಲ' ಎಂದು ಬಾಯಿಂದ ಬಂದುಬಿಟ್ಟಿತು. ಶಿವಕ್ಕನನ್ನು ಉಳಿಸಲು ಹಾಗೆ ಹೇಳಿದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನ್ನನ್ನು ನಾನು ಉಳಿಸಿಕೊಂಡೆ, ಅಷ್ಟೇ.

ನಿನ್ನ ಕಾಗದ ಓದಿ ಶಿವಕ್ಕನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಎಲ್ಲ ಹೇಳಿದೆ. ಕೈಯಲ್ಲಿದ್ದದ್ದನ್ನು ಮೊರಕ್ಕೆ ಹಾಕಿದರು.

"ಅಲ್ಲವ್ವಾ, ನಾ ಹುರಿದಿದ್ದು ರಾಗಿ. ಅದನ್ನ ನಂದು ಅನ್ನೋಕೆ ನಿಂಗ್ಯಾಕೆ ಹೆದರಿಕೆ?"

"ನಿಮಗೆ ತೊಂದರೆ ಆದೀತು ಅಂತ ಶಿವಕ್ಕ."

"ನಂಗೇನು ಮಾಡ್ತಾರೆ, ಪೆನ್ಶನ್ ಕಿತ್ಕೊತಾರಾ? ಆ ಹುಡ್ಗ ಇಲ್ಲಿ ಬಂದಾಗ ಅಜ್ಜೀ ಅಂತ ಕಾಲಿಗೆ ಬಿದ್ದು ಹೋದ. ಎರಡು ತಿಂಗಳಿಂದ ಕೂಸು ತಿಂತೈತೆ ತಿಂತೈತೆ ಅಂತ ನಂಗೆ ಸುಳ್ಳು ಹೇಳ್ಕೊಂಡು ಬಂದ್ಯಲ್ಲ, ನೀನೊಬ್ಳು ಮೇಡಮ್ಮು. ನಡಿ, ಎಲ್ಲಿಗೆ ಹೋಗ್ಬೇಕು ನಡಿ."

ಅವರೇ ಮುಂದೆ, ನಾನು ಹಿಂದೆ ಸ್ಟೇಷನ್ನಿಗೆ ಹೋದೆವು. ಮೊದಲು ಹೇಳಿದ್ದು ತಪ್ಪೆಂದು ಬರೆದುಕೊಟ್ಟೆ. ಅಧಿಕಾರಿ ನನ್ನನ್ನು ನಿಲ್ಲಿಸಿಯೇ ಬರೆಸಿದ, ಶಿವಕ್ಕನಿಗೆ ಕುರ್ಚಿ ಕೊಟ್ಟ. ಆಮೇಲೆ ನೋಟರಿಯ ಮುಂದೆ ಇಬ್ಬರೂ ಪ್ರಮಾಣ ಮಾಡಿ ಸಹಿ ಹಾಕಿದೆವು. 'ನಿನ್ನದೇ ಅನ್ನು' ಎಂದು ನಾನೇ ಅಜೀಮನಿಗೆ ಹೇಳಿಕೊಟ್ಟದ್ದನ್ನೂ ಸೇರಿಸಿದ್ದೇನೆ. ಮೂಲಪ್ರತಿ ಇದರೊಳಗಿದೆ.

ಶಿವಶಂಕರಪ್ಪನವರು ಬೇಸಿಗೆ ರಜೆ ಮುಗಿದ ಮೇಲೂ ಸ್ವಲ್ಪ ದಿನ ರಜೆ ಹಾಕಿ ಎಂದಿದ್ದಾರೆ. ಎಷ್ಟು ದಿನವೆಂದು ಹೇಳಿಲ್ಲ. ನಿನಗೆ ಹೇಳಬಾರದು ಅಂದುಕೊಂಡಿದ್ದೆ. ಇನ್ನು ಏನನ್ನೂ ಬಚ್ಚಿಡುವುದು ಬೇಡವೆಂದು ಬರೆದಿದ್ದೇನೆ.

ನಾಝಿಯಾ


ಈಸ್ಟ್ ಬ್ರನ್ಸ್‌ವಿಕ್
ಮೇ 9, 2009

ನಾಝಿಯಾ ಆಪಾ,

ನಿಮ್ಮಿಬ್ಬರ ಪ್ರಮಾಣಪತ್ರ ಕೈಸೇರಿತು. ನಿನ್ನ ಸಹಿಯನ್ನು ನೋಡುತ್ತ ಅಣ್ಣ ಬಹಳ ಹೊತ್ತು ಕೂತಿದ್ದ. ಅವತ್ತು ರಾತ್ರಿ ಊಟ ಮಾಡಿದ.

ಎವೆಲಿಯೊ ತಿದ್ದುಪಡಿ ಹಾಕಿದರು, ಒಳಗಿನ ಮೂಲೆಯಲ್ಲಲ್ಲ, ಮೊದಲ ಪುಟದಲ್ಲಿ. ಅಣ್ಣನನ್ನು ಎದುರಿಗೆ ಕೂರಿಸಿಕೊಂಡು ಕೇಳಿ ಬರೆದರು. ಪತ್ರಿಕೆಯ ಸುಳ್ಳುಗಳನ್ನು ಒಂದೊಂದಾಗಿ ಹೇಳಿ, ಅಣ್ಣನ ಸುಳ್ಳನ್ನೂ ಹೇಳಿ, ವಿಚಾರಿಸದೆ ಅಚ್ಚು ಹಾಕಿದ ತಮ್ಮ ತಪ್ಪನ್ನೂ ಹೇಳಿದರು. ಅಣ್ಣನ ಸುಳ್ಳನ್ನು ಬಿಟ್ಟುಬಿಡಿ ಎಂದು ಬೇಡಿಕೊಂಡೆ. "ಬಿಟ್ರೆ ನಾನೂ ಅವರಂತೆಯೇ ಆದೆ" ಅಂದರು. ಟಿವಿಯ ದೊಡ್ಡ ಮನುಷ್ಯನಿಗೂ ಒಂದು ಪ್ರತಿ ಕಳಿಸಿದರು. 'ನಿಮ್ಮ ಅಭಿಪ್ರಾಯಕ್ಕೆ ವಂದನೆ' ಎಂಬ ಅಚ್ಚಾದ ಕಾರ್ಡು ಬಂತು. ಎವೆಲಿಯೊ ಪ್ರತಿ ಸಂಜೆ ಡಾಮಿನೋ ಆಡುತ್ತಿದ್ದ ಕ್ಯೂಬಾದವರ ಕ್ಲಬ್ಬಿನಲ್ಲಿ ಈಗ ಅವರ ಎದುರು ಯಾರೂ ಕೂರುವುದಿಲ್ಲ. ದೇಶ ಕಾಯುವವರನ್ನು ಅವಮಾನ ಮಾಡಿದರಂತೆ.

"ಕಾಯೋರು ಬೇಕು ಅಂತ ಈಗಲೂ ಹೇಳ್ತೀನಿ" ಎಂದು ನನಗೆ ಹೇಳಿದರು. "ತಪ್ಪಾಯ್ತು ಅನ್ನೋಕೆ ಬರೋನು ಒಬ್ಬ ಆ ಕುರ್ಚೀಲಿ ಬೇಕು, ಅಷ್ಟೇ."

ಈ ವಿಷಯದಲ್ಲಿ ಅವರಿಗೂ ನನಗೂ ಇನ್ನೂ ಜಗಳವಿದೆ. ಇಂಥ ಕುರ್ಚಿಗಳೇ ಇರಬಾರದು ಎನ್ನುತ್ತೇನೆ ನಾನು. ಆದರೆ ಕಚೇರಿಗೆ ನಮ್ಮ ಜೊತೆ ಬರುತ್ತೇನೆ ಎಂದಿರುವವರು ಅವರೊಬ್ಬರೇ.

ಅಣ್ಣ ತನ್ನ ಹೇಳಿಕೆಯನ್ನು ತಿದ್ದಲು ದಿನ ಸಿಕ್ಕಿದೆ. ಮತ್ತೊಂದು ಸಲ ಕೊಡುವುದಿಲ್ಲ ಎಂದು ಮಾರ್ಗರೆಟ್‌ಗೆ ಸ್ಪಷ್ಟವಾಗಿ ಹೇಳಿದ್ದಾರೆ. ಮೈಸೂರಿನ ಕಾಗದ ಅರ್ಧ ಕೆಲಸ ಮಾಡುತ್ತದಂತೆ. ಹೇಳಿಕೆ ಬದಲಿಸಿದವಳ ಮಾತು ಎಂದು ಅದನ್ನು ಪಕ್ಕಕ್ಕೆ ಸರಿಸಬಹುದು. ರಾಜಿ ಬಂದು, ಪುಡಿ ತನ್ನ ಕೂಸಿಗೆ ಎಂದು ಎದುರಿಗೆ ಕೂತು ಹೇಳಿದರೆ ಮಾತ್ರ ಸರಪಳಿ ಪೂರ್ತಿಯಾಗುತ್ತದೆ. ಅದರಿಂದ ವೆಂಕಟೇಶನ ವೀಸಾಕ್ಕೆ ತೊಂದರೆ ಇಲ್ಲ, ಅವರು ಯಾರಿಗೂ ಸುಳ್ಳು ಹೇಳಿಲ್ಲ ಎನ್ನುತ್ತಾಳೆ ಮಾರ್ಗರೆಟ್. ತೊಂದರೆಯೇ ಇಲ್ಲ ಎಂದು ನಾನು ಆಣೆ ಮಾಡಿ ಹೇಳಲಾರೆ. ನನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಇನ್ನು ಹೇಳುವುದಿಲ್ಲ.

ರಾಜಿ ನನ್ನ ಫೋನ್ ಎತ್ತುತ್ತಿಲ್ಲ. ಹೋದರೆ ಬಾಗಿಲು ತೆರೆಯುವುದಿಲ್ಲ. ಒಳಗೆ ಮಗು ಅಳುವುದು ಕೇಳಿಸುತ್ತದೆ, ನನ್ನ ಕಾಲಿನ ಸದ್ದು ನಿಲ್ಲುವವರೆಗೂ ಯಾರೂ ಅದನ್ನು ಸಮಾಧಾನ ಮಾಡುವುದಿಲ್ಲ. ಅವಳನ್ನು ನಾನು ಅವತ್ತು ಮನಸ್ಸಿನಲ್ಲಿ ಏನೆಲ್ಲ ಅಂದುಕೊಂಡೆ. ಈಗ ಬಾಗಿಲ ಈಚೆ ನಿಂತ ನಾನೂ ಆಚೆ ನಿಂತ ಅವಳೂ ಒಂದೇ ಥರ ಉಸಿರು ಹಿಡಿದಿರುತ್ತೇವೆ.

ತಾಯಿಯ ಫೋನನ್ನು ಅವಳು ಎತ್ತುತ್ತಾಳೆ. ಅದಕ್ಕೇ ಇದನ್ನು ಕೊರಿಯರ್ ಮಾಡುತ್ತಿದ್ದೇನೆ. ಶಿವಕ್ಕನಿಗೆ ಓದಿ ಹೇಳು. ಅವರು ಮಗಳಿಗೆ ಬೈಯದೆ, ಅಳದೆ, ಹೇಳಬೇಕಾದ್ದು ಇಷ್ಟೇ: ಮಗುವನ್ನು ಎತ್ತಿಕೊಂಡು ಬರಲಿ, ವೆಂಕಟೇಶನೂ ಬರಲಿ, ಒಬ್ಬಳೇ ಬಂದರೂ ಸರಿ. ನ್ಯೂಯಾರ್ಕಿನ ಪೆನ್ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ನ್ಯೂಜೆರ್ಸಿಯ ನ್ಯೂವಾರ್ಕಿನಲ್ಲಿ ಇಳಿಯಲಿ. ಅಲ್ಲಿನ ನಿಲ್ದಾಣದ ಕಾಯುವ ಕೋಣೆಯಲ್ಲಿ ಮರದ ಉದ್ದ ಬೆಂಚುಗಳಿವೆ, ಬಾಗಿಲಿಗೆ ಹತ್ತಿರದ ಬೆಂಚಿನಲ್ಲಿ ಅಣ್ಣ, ನಾನು, ಬಿಳಿ ಟೋಪಿಯ ಎವೆಲಿಯೊ ಕೂತಿರುತ್ತೇವೆ. ಅಲ್ಲಿಂದ ಕಚೇರಿಗೆ ನಡೆದೇ ಹೋಗಬಹುದು. ಅವಳು ಬರುವವರೆಗೂ ಏಳುವುದಿಲ್ಲ, ಕಚೇರಿಯಲ್ಲಿ ನಮ್ಮ ಹೆಸರು ಕರೆಯುವುದು ಹತ್ತು ಗಂಟೆಗೆ.

ಗುರುವಾರ, ಮೇ 21, ಬೆಳಗ್ಗೆ ಒಂಬತ್ತು ಗಂಟೆ.

ತಹ್ರೀಮ್